ಸೇದದವನ ಬೆಂಕಿಪೊಟ್ಟಣ

ಇಪ್ಪತ್ತಾರು ವರ್ಷ ಒಂದೇ ಬಾರಿನಲ್ಲಿ ಸಪ್ಲೈಯರ್ ಆಗಿ ದುಡಿದವನಿಗೆ ಇದ್ದದ್ದು ಒಂದೇ ಹೆಮ್ಮೆ. ಅವನು ಒಂದು ಸಿಗರೇಟನ್ನೂ ತುಟಿಗೆ ಇಟ್ಟವನಲ್ಲ. ಮಿಕ್ಕ ಹೆಮ್ಮೆಗಳೆಲ್ಲ ಒಡಹುಟ್ಟಿದವರ ಪಾಲಿಗೆ ಹೋಗಿದ್ದವು. ಸ್ವಂತ ಮನೆ ತಮ್ಮನಿಗೆ, ತಲೆ ತುಂಬ ಕೂದಲು ಅಣ್ಣನಿಗೆ. ಇವನಿಗೆ ಇದೊಂದು ಉಳಿದಿತ್ತು, ಇದನ್ನು ಅವನು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದ.

ಇದಕ್ಕೊಂದು ಕಾರಣವೂ ಇತ್ತು. ಹೆಣ್ಣು ನೋಡಲು ಹೋದ ದಿನ ಹುಡುಗಿ ಅವನ ಸಂಬಳ ಕೇಳಲಿಲ್ಲ, ಕೆಲಸ ಕೇಳಲಿಲ್ಲ. ಕೇಳಿದ್ದು ಒಂದೇ ಮಾತು.

"ಸೇದ್ತೀರಾ?"

"ಇಲ್ಲ."

"ಸೇದೋದಾದ್ರೆ ಎದುರಿಗೇ ಸೇದಿ. ಸುಳ್ಳು ಮಾತ್ರ ಹೇಳ್ಬೇಡಿ."

ಅವಳಪ್ಪ ಬಚ್ಚಲುಮನೆಯಲ್ಲಿ ಕದ್ದು ಸೇದಿ, ಹೊಗೆಯನ್ನು ಕಿಟಕಿಯಾಚೆ ಬಿಟ್ಟು, ಹೊರಗೆ ಬಂದು "ಸೇದೇ ಇಲ್ಲ" ಅನ್ನುತ್ತಿದ್ದ. ಸಿಕ್ಕಿಬಿದ್ದ ದಿನ ಮಾತ್ರ "ನಾಳೆಯಿಂದ ಬಿಡ್ತೀನಿ ಕಣಮ್ಮ" ಅನ್ನುತ್ತಿದ್ದ. ಹೀಗೆ ನಾಳೆಯಿಂದ ಬಿಡುತ್ತಲೇ ನಲವತ್ತೆಂಟಕ್ಕೆ ಸತ್ತ. ಸತ್ತದ್ದನ್ನು ಮಗಳು ಕ್ಷಮಿಸಿದ್ದಳು, ಸುಳ್ಳನ್ನು ಕ್ಷಮಿಸಿರಲಿಲ್ಲ.

ಹೀಗಿರುವಾಗ ಸಪ್ಲೈಯರನಿಗೆ ಕೆಮ್ಮು ಹಿಡಿಯಿತು. ಮೂರು ತಿಂಗಳಾದರೂ ಬಿಡಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು. ಹೆಂಡತಿಯೇ ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ಕೂರಿಸಿದಳು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು.

"ದಿನಕ್ಕೆ ಎಷ್ಟು?"

"ಎಷ್ಟು ಏನು ಡಾಕ್ಟ್ರೇ?"

"ಸಿಗರೇಟು."

"ನಾನು ಸೇದಲ್ಲ."

ಡಾಕ್ಟರು ಎಕ್ಸ್‌ರೇ ನೋಡಿದರು, ಅವನನ್ನು ನೋಡಿದರು, ಕೊನೆಗೆ ಪಕ್ಕದಲ್ಲಿದ್ದ ಹೆಂಡತಿಯನ್ನು ನೋಡಿ ಎಲ್ಲ ಅರ್ಥವಾದವರಂತೆ ತಲೆಯಾಡಿಸಿದರು. "ಮನೆಯವರ ಎದುರಿಗೆ ಎಲ್ರೂ ಹೀಗೇ ಹೇಳೋದು," ಎಂದು ಫೈಲಿನಲ್ಲಿ 'ಧೂಮಪಾನಿ, ಇಪ್ಪತ್ತು ವರ್ಷಕ್ಕೂ ಹೆಚ್ಚು' ಎಂದು ಬರೆದರು. ಆಮೇಲೆ ಅವಳ ಕಡೆ ತಿರುಗಿ, "ನೋಡಿಯಮ್ಮ, ಇವತ್ತೇ ಬಿಟ್ರೆ ಇನ್ನೂ ಹದಿನೈದು ವರ್ಷಕ್ಕೆ ಮೋಸ ಇಲ್ಲ. ಬಿಡದಿದ್ರೆ ಎರಡು ವರ್ಷಾನೂ ಕಷ್ಟ," ಅಂದರು.

ಕೆಲಸ ಏನು, ಎಲ್ಲಿ ಎಂದು ಅವರು ಕೇಳಲಿಲ್ಲ. ಫೈಲಿನಲ್ಲಿ ಅದಕ್ಕೆ ಜಾಗವಿತ್ತು. ಅಲ್ಲಿ ಕಾಂಪೌಂಡರ್ ಆಗಲೇ 'ಖಾಸಗಿ' ಎಂದು ಬರೆದು ಮುಗಿಸಿದ್ದ.

ಬಸ್ಸಿನಲ್ಲಿ ಬರುವಾಗ ಹೆಂಡತಿ, "ಬೆಂಕಿ ಇಲ್ದೆ ಹೊಗೆ ಆಡಲ್ಲ," ಅಂದಳು. ಅದೇ ಕೊನೆ. ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟಳು. ಊಟಕ್ಕೆ ಬಡಿಸಿದ್ದನ್ನು ಗೋಡೆಗೆ ಹೇಳುತ್ತಿದ್ದಳು, ನೀರು ಬಿಸಿಯಾದದ್ದನ್ನು ಬಕೆಟ್ಟಿಗೆ ಹೇಳುತ್ತಿದ್ದಳು. ಅವನು ಅವರಿಬ್ಬರಿಂದ ತಿಳಿದುಕೊಳ್ಳಬೇಕಿತ್ತು.

ಅವಳನ್ನು ಬೈದು ಪ್ರಯೋಜನವಿಲ್ಲ, ಅವಳ ಹತ್ತಿರ ಸಾಕ್ಷಿಯಿತ್ತು. ಇಪ್ಪತ್ತಾರು ವರ್ಷದಿಂದ ಗಂಡನ ಜೇಬಿನಲ್ಲಿ ಬೆಂಕಿಪೊಟ್ಟಣ. ಗಿರಾಕಿಗಳಿಗೆ ಹಚ್ಚಿಕೊಡೋಕೆ ಅಂದಿದ್ದ, ನಂಬಿದ್ದಳು. ಮೈಗೆಲ್ಲ ವಾಸನೆ. ಬಾರಿನದು ಅಂದಿದ್ದ, ನಂಬಿದ್ದಳು. ಕಪ್ಪು ಕೋಟಿನ ತೋಳಿನ ಮೇಲೆ ಕಿಡಿ ಬಿದ್ದ ತೂತುಗಳು. ಅವಳು ಟೈಲರ್ ಅಂಗಡಿಯಲ್ಲಿ ಕಾಜಾ ಗುಂಡಿ ಕೆಲಸ ಮಾಡುವವಳು, ಒಂದೊಂದು ತೂತನ್ನೂ ಕಣ್ಣಿಗೆ ಕಾಣದ ಹಾಗೆ ಹೊಲಿದುಕೊಟ್ಟಿದ್ದಳು. ಡಾಕ್ಟರ ಹತ್ತಿರ ಹೋಗಿಬಂದ ಮೂರನೆಯ ದಿನ ಅವನು ಕೋಟು ತೆಗೆದು ನೋಡಿದರೆ ಆ ಹೊಲಿಗೆಗಳನ್ನೆಲ್ಲ ಬಿಚ್ಚಿಟ್ಟಿದ್ದಳು. ಹದಿನಾಲ್ಕು ತೂತು. ಅವನು ಅದನ್ನೇ ಹಾಕಿಕೊಂಡು ಕೆಲಸಕ್ಕೆ ಹೋದ. ಬಾರಿನಲ್ಲಿ ಯಾರಿಗೂ ಕಾಣಲಿಲ್ಲ, ಅಷ್ಟು ಹೊಗೆಯಿತ್ತು.

ಊರಿನಲ್ಲಿ ಅದೇ ಹೊತ್ತಿಗೆ ಇನ್ನೊಂದು ಗಲಾಟೆ ಎದ್ದಿತ್ತು. ಬಾರು, ರೆಸ್ಟೋರೆಂಟುಗಳ ಒಳಗೆ ಸಿಗರೇಟು ಸೇದುವುದನ್ನು ನಿಷೇಧಿಸಬೇಕು ಎಂದು ನಗರಸಭೆಯಲ್ಲಿ ಯಾರೋ ಒಬ್ಬರು ಎದ್ದು ನಿಂತು ಹೇಳಿಬಿಟ್ಟಿದ್ದರು. ಆಮೇಲೆ ಕೇಳಬೇಕೆ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಪತ್ರಿಕೆಗೆ ಓದುಗರು ಪತ್ರ ಬರೆದರು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವರು ಎದ್ದು ವಾದಿಸಿದರು. ಸ್ವಾತಂತ್ರ್ಯದ ಬಗ್ಗೆ ಅದುವರೆಗೆ ಒಂದು ಮಾತೂ ಆಡದಿದ್ದವರೆಲ್ಲ ಅದು ಸಿಗರೇಟಿನ ತುದಿಯಲ್ಲೇ ಇದೆ ಎಂದು ಕಂಡುಕೊಂಡರು. ಬಾರ್ ಮಾಲೀಕರ ಸಂಘ, ಹೊಗೆಯಿಲ್ಲದ ಬಾರು ಉಪ್ಪಿಲ್ಲದ ಊಟ ಎಂದು ಗೋಡೆಗೋಡೆಗೆ ಅಂಟಿಸಿತು. ಕೊನೆಗೆ ನಗರಸಭೆ ಒಂದು ಸಮಿತಿ ಮಾಡಿ, ಸಾರ್ವಜನಿಕರು ಬಂದು ಅಭಿಪ್ರಾಯ ಹೇಳಲಿ ಎಂದು ದಿನ ಗೊತ್ತುಮಾಡಿತು.

ಸಪ್ಲೈಯರನ ಮಾಲೀಕ ಅವನಿಗಿಂತ ಹದಿನೈದು ವರ್ಷ ಚಿಕ್ಕವನು, ಹಳೆಯ ಮಾಲೀಕರ ಮಗ. ಕೆಲಸ ಇಲ್ಲದಾಗ "ಏನಯ್ಯಾ", ಕೆಲಸ ಇದ್ದಾಗ "ಅಣ್ಣಾ".

"ಅಣ್ಣಾ," ಅಂದ, "ನೀನು ಬಂದು ನಾಲ್ಕು ಮಾತಾಡ್ಬೇಕು. ಇಪ್ಪತ್ತಾರು ವರ್ಷ ಹೊಗೇಲೇ ಇದ್ದೀಯ, ಒಂದೂ ಸೇದಿಲ್ಲ, ಆದ್ರೂ ಗುಂಡುಕಲ್ಲಿನ ಹಾಗಿದ್ದೀಯ. ನಿನಗಿಂತ ಸಾಕ್ಷಿ ಬೇಕಾ?"

ಗುಂಡುಕಲ್ಲು ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿತು.

"ಅವತ್ತು ಒಂದು ಗಂಟೆ ಇದನ್ನ ತಡ್ಕೋ," ಅಂದ ಮಾಲೀಕ. "ನಿಷೇಧ ಬಂದ್ರೆ ಗಿರಾಕಿ ಬರಲ್ಲ. ಗಿರಾಕಿ ಬರದಿದ್ರೆ ಮೊದಲು ಹೋಗೋದು ಸಪ್ಲೈಯರ್‌ಗಳ ಕೆಲಸ. ನಾನು ಹೆದರಿಸ್ತಿಲ್ಲ, ಲೆಕ್ಕ ಹೇಳ್ತಿದ್ದೀನಿ." ಹೇಳಬೇಕಾದ್ದನ್ನೆಲ್ಲ ಸಂಘದ ವಕೀಲರಿಂದ ಒಂದು ಹಾಳೆಯಲ್ಲಿ ಬರೆಸಿಯೂ ಕೊಟ್ಟ.

ಆ ಹಾಳೆಯನ್ನು ಓದಿದ ಮೇಲೆ ಸಪ್ಲೈಯರನಿಗೆ ತಾನು ಎಂಥ ಕಡೆ ಸಿಕ್ಕಿಕೊಂಡಿದ್ದೇನೆ ಎಂದು ಗೊತ್ತಾಯಿತು. ಹೊಗೆಯಿಂದ ಏನೂ ಆಗಲ್ಲ ಎಂದರೆ ಕೆಲಸ ಉಳಿಯುತ್ತದೆ. ಆದರೆ ಬಾರಿನ ಹೊಗೆಯಿಂದ ಏನೂ ಆಗದಿದ್ದರೆ ಎದೆ ಕಪ್ಪಾದದ್ದು ಹೇಗೆ? ಸ್ವಂತ ಸೇದಿದ್ದರಿಂದ. ಅಲ್ಲಿಗೆ ಅವನು ಸುಳ್ಳುಗಾರ ಎಂದು ಹೆಂಡತಿಗೆ ಊರಿನವರ ಎದುರೇ ಖಾತ್ರಿಯಾಗುತ್ತದೆ. ಹೊಗೆಯಿಂದಲೇ ಆಯಿತು ಎಂದರೆ ಹೆಂಡತಿ ಮಾತಾಡಬಹುದು, ಕೆಲಸ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಎರಡರಲ್ಲಿ ಯಾವುದನ್ನು ಆರಿಸಿದರೂ ಕೆಮ್ಮು ಇದ್ದೇ ಇತ್ತು.

"ಸಭೇಲಿ ನಾನು ಮಾತಾಡ್ಬೇಕಂತೆ," ಎಂದು ಅವನು ಹೆಂಡತಿಗೆ ಹೇಳಿದ.

ಅವಳು ಒಲೆಯ ಕಡೆ ತಿರುಗಿ, "ಸುಳ್ಳು ಎಲ್ಲಿವರೆಗೂ ಹೋಗುತ್ತೋ ನೋಡೋಕೆ ನಾನೂ ಹೋಗ್ತೀನಿ," ಅಂದಳು.

ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ನಗರಸಭೆಯ ದೊಡ್ಡ ಹಾಲು, ಬಾಗಿಲಲ್ಲಿ 'ಇಲ್ಲಿ ಧೂಮಪಾನ ಮಾಡಬಾರದು' ಎಂಬ ಬೋರ್ಡು. ಸೇದಬೇಕು ಎನ್ನುವವರೂ ಬೇಡ ಎನ್ನುವವರೂ ಆ ಬೋರ್ಡಿನ ಕೆಳಗೇ ತಳ್ಳಾಡಿಕೊಂಡು ಒಳಗೆ ಬಂದರು. ಸಮಿತಿಯ ಅಧ್ಯಕ್ಷೆ ನಿವೃತ್ತ ಹೆಡ್‌ಮಿಸ್ಟ್ರೆಸ್. ಎದುರಿಗೆ ಇನ್ನೂರು ಜನ ಕೂತಿದ್ದರೂ ಆಕೆ ನೋಡುವ ರೀತಿಗೆ ಎಲ್ಲರೂ ಹೋಂವರ್ಕ್ ಮರೆತು ಬಂದವರಂತೆ ಕಾಣುತ್ತಿದ್ದರು. ಹೆಂಡತಿ ಮೂರನೆಯ ಸಾಲಿನಲ್ಲಿ, ಅಂಚಿನ ಕುರ್ಚಿಯಲ್ಲಿದ್ದಳು.

ಸಪ್ಲೈಯರ್ ಮೇಜಿನ ಮುಂದೆ ನಿಂತು ಹಾಳೆ ಬಿಡಿಸಿದ. ಅದೇ ಕಪ್ಪು ಕೋಟು ಹಾಕಿಕೊಂಡಿದ್ದ. ಮಾಲೀಕ ಕೆಲಸದ ಬಟ್ಟೆಯಲ್ಲೇ ಬಾ ಅಂದಿದ್ದ, ಜನಕ್ಕೆ ಕನಿಕರ ಬರುತ್ತದೆ ಎಂದು.

"ನಾನು ಇಪ್ಪತ್ತಾರು ವರ್ಷದಿಂದ ಬಾರಿನಲ್ಲಿ ಕೆಲಸ ಮಾಡುತ್ತಿದ್ದೇನೆ," ಎಂದು ಓದಿದ. "ನಾನು ಧೂಮಪಾನಿಯಲ್ಲ." ಮೂರನೆಯ ಸಾಲಿನಿಂದ ಒಂದು ನಿಟ್ಟುಸಿರು ಕೇಳಿಸಿತು. "ಆದರೂ ನನ್ನ ಆರೋಗ್ಯಕ್ಕೆ..."

ಅಲ್ಲಿಗೆ ನಿಂತ. ಮುಂದಿನ ಮಾತು ಹಾಳೆಯಲ್ಲಿತ್ತು, ಬಾಯಿಗೆ ಬರಲಿಲ್ಲ. ಬಂದದ್ದು ಕೆಮ್ಮು. ಒಂದು ಗಂಟೆ ತಡೆಯಬೇಕಿದ್ದದ್ದು ಎರಡು ನಿಮಿಷವೂ ತಡೆಯಲಿಲ್ಲ. ಅಧ್ಯಕ್ಷೆ ನೀರು ಕೊಡಿಸಿದರು.

"ಇದು ನಾನು ಬರೆದದ್ದಲ್ಲ ಮೇಡಂ," ಅಂದ ಅವನು, ಗ್ಲಾಸು ಕೆಳಗಿಟ್ಟು. "ನನ್ನ ಎದೆ ಹಾಳಾಗಿದೆ. ಡಾಕ್ಟ್ರು ಸೇದಿದ್ರಿಂದ ಅಂತ ಬರೆದಿದ್ದಾರೆ. ನಾನು ಸೇದಿಲ್ಲ. ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತಂತೆ, ಹಾಗಾಗಿದೆ ನನ್ನ ಕಥೆ."

ಹಾಲಿನಲ್ಲಿ ಅರ್ಧ ಜನ ಚಪ್ಪಾಳೆ ತಟ್ಟಿದರು, ಇನ್ನರ್ಧ ಜನ ಕೂಗಿದರು. ಮಾಲೀಕ ತಲೆ ಮೇಲೆ ಕೈಯಿಟ್ಟುಕೊಂಡ. ಸಂಘದ ವಕೀಲರು ಎದ್ದರು. ಅವರು ಬಾರಿನ ನಾಲ್ಕನೇ ಟೇಬಲ್ಲಿನ ಗಿರಾಕಿ, ಹನ್ನೆರಡು ವರ್ಷದ ಪರಿಚಯ. ಆದರೆ ವಕೀಲರು ಕೋರ್ಟಿನಲ್ಲಿ ತಮ್ಮ ಹೆಂಡತಿಯನ್ನೂ ಗುರುತಿಸುವವರಲ್ಲ.

"ಸ್ವಾಮಿ, ನಿಮ್ಮ ಫೈಲಿನಲ್ಲಿ ಧೂಮಪಾನಿ ಅಂತ ಡಾಕ್ಟರೇ ಬರೆದಿದ್ದಾರೆ ಅಲ್ವಾ?"

"ಹೌದು."

"ಜೇಬಲ್ಲಿ ಏನಿದೆ?"

"ಬೆಂಕಿಪೊಟ್ಟಣ."

"ಸೇದದವರ ಜೇಬಲ್ಲಿ ಬೆಂಕಿಪೊಟ್ಟಣ! ಕೋಟಿನ ತೋಳು ತೋರಿಸಿ. ಈ ತೂತುಗಳು ಏನು?"

ಹೆಂಡತಿ ಮನೆಯಲ್ಲಿ ಗೋಡೆಯ ಹತ್ತಿರ ಕೇಳಿದ್ದನ್ನೇ ವಕೀಲರು ಊರಿನ ಎದುರಿಗೆ ಕೇಳುತ್ತಿದ್ದರು. ಸಪ್ಲೈಯರ್ ಮೂರನೆಯ ಸಾಲಿನ ಕಡೆ ನೋಡಿದ. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಜೀವನದಲ್ಲಿ ಅವನಿಗೆ ಅಷ್ಟು ಒಂಟಿ ಅನ್ನಿಸಿದ್ದು ಅದೇ ಮೊದಲು.

ವಕೀಲರಿಗೆ ಉತ್ಸಾಹ ಬಂತು. ಜೇಬಿನಿಂದ ಪ್ಯಾಕು ತೆಗೆದು ಒಂದು ಸಿಗರೇಟು ಎಳೆದು ಅವನ ಕೈಗೆ ಕೊಟ್ಟರು. "ಮೇಡಂ, ಬಾಯಿ ಸುಳ್ಳು ಹೇಳುತ್ತೆ, ಕೈ ಹೇಳಲ್ಲ. ಇವರು ಹೇಗೆ ಹಿಡೀತಾರೆ, ಸಮಿತಿ ನೋಡಲಿ. ಹೂಂ ಸ್ವಾಮಿ, ಹಚ್ಚಿ!"

ಸಪ್ಲೈಯರನ ತಲೆ ಇನ್ನೂ ಮೂರನೆಯ ಸಾಲಿನಲ್ಲೇ ಇತ್ತು. ಹಚ್ಚಿ ಎಂಬ ಮಾತು ಕಿವಿಗೆ ಬಿತ್ತು, ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ಅವನು ಸಿಗರೇಟನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿ, ಫಿಲ್ಟರಿನ ತುದಿ ವಕೀಲರ ಕಡೆ ಬರುವಂತೆ ಹಿಡಿದ. ವಕೀಲರು ತೆಗೆದುಕೊಂಡು ತುಟಿಗಿಟ್ಟುಕೊಂಡರು. ಅವನು ಕಡ್ಡಿ ಗೀರಿ, ಅಂಗೈ ಮರೆಮಾಡಿ, ಸ್ವಲ್ಪ ಬಗ್ಗಿ ಹಿಡಿದ. ಕಿಡಿಯೊಂದು ತೋಳಿನ ಮೇಲೆ ಬಿತ್ತು. ವಕೀಲರೂ ಹನ್ನೆರಡು ವರ್ಷದ ಅಭ್ಯಾಸದಂತೆ ಕುತ್ತಿಗೆ ಮುಂದೆ ಚಾಚಿ, ಕಣ್ಣು ಅರೆಮುಚ್ಚಿ, ಒಂದು ಸಲ ಎಳೆದರು. ನೀರಿನ ಗ್ಲಾಸಿನ ಕೆಳಗಿದ್ದ ತಟ್ಟೆ ಅಷ್ಟರಲ್ಲಿ ಬೂದಿಗೆಂದು ಅವರ ಬಲಗೈ ಪಕ್ಕಕ್ಕೆ ಬಂದು ಕೂತಿತ್ತು.

ಎಳೆದ ಹೊಗೆಯನ್ನು ಎಲ್ಲಾದರೂ ಬಿಡಬೇಕಲ್ಲ. ಅಧ್ಯಕ್ಷೆಯ ಮುಖಕ್ಕೆ ಬಿಡುವುದು ಮರ್ಯಾದೆಯಲ್ಲ. ವಕೀಲರು ಮರ್ಯಾದಸ್ಥರು, ಪಕ್ಕಕ್ಕೆ ಬಿಟ್ಟರು. ಪಕ್ಕದಲ್ಲಿ ಸಪ್ಲೈಯರ್ ನಿಂತಿದ್ದ. ಅವನು ಮುಖವನ್ನು ಒಂಚೂರು ತಿರುಗಿಸಿ, ಉಸಿರು ಕಟ್ಟಿ, ಮನಸ್ಸಿನಲ್ಲೇ ನಾಲ್ಕು ಎಣಿಸಿ, ಮತ್ತೆ ಉಸಿರಾಡಿದ. ಗಿರಾಕಿಗೆ ಬೇಜಾರಾಗದಂತೆ ಹೀಗೆ ಮಾಡುವುದನ್ನು ಅವನು ಮೊದಲ ವಾರದಲ್ಲೇ ಕಲಿತಿದ್ದ.



"ವಕೀಲರೇ," ಅಂದರು ಅಧ್ಯಕ್ಷೆ, "ಇಲ್ಲಿ ಸೇದೋ ಹಾಗಿಲ್ಲ."

"ನಾನೆಲ್ಲಿ ಸೇದ್ತಿದ್ದೀನಿ ಮೇಡಂ?" ಅಂದರು ವಕೀಲರು. ಮಾತಿನ ಜೊತೆಗೆ ಉಳಿದ ಹೊಗೆಯೂ ಬಂತು.

ಆಮೇಲೆ ಬಿದ್ದ ನಗುವಿನಲ್ಲಿ ಯಾವ ಪಕ್ಷದವರು ಎಷ್ಟು ನಕ್ಕರು ಎಂದು ಹೇಳಲಾಗುವುದಿಲ್ಲ. ಮೂರನೆಯ ಸಾಲಿನ ಅಂಚಿನವಳು ಮಾತ್ರ ನಗಲಿಲ್ಲ. ಅವಳು ಗಂಡನ ಕೈಯನ್ನೇ ನೋಡುತ್ತಿದ್ದಳು. ಆ ಕೈಗೆ ಸಿಗರೇಟನ್ನು ತನ್ನ ಬಾಯಿಯ ಕಡೆ ತಿರುಗಿಸುವುದು ಗೊತ್ತೇ ಇರಲಿಲ್ಲ.

ಸಮಿತಿ ಮಧ್ಯಾಹ್ನದ ಹೊತ್ತಿಗೆ ತೀರ್ಮಾನ ಹೇಳಿತು. ವಿಷಯ ಗಂಭೀರವಾದ್ದರಿಂದ ಉಪಸಮಿತಿಯೊಂದು ಅದನ್ನು ಅಧ್ಯಯನ ಮಾಡಿ ಒಂದು ವರ್ಷದೊಳಗೆ ವರದಿ ಕೊಡತಕ್ಕದ್ದು. ಎರಡೂ ಕಡೆಯವರು ಗೆದ್ದೆವೆಂದು ಹೇಳಿಕೊಂಡು ಹೊರಟರು. ಮಾಲೀಕ ಮೆಟ್ಟಿಲ ಹತ್ತಿರ ಸಪ್ಲೈಯರನನ್ನು ತಡೆದ. ಬೈಯುತ್ತಾನೆಂದುಕೊಂಡರೆ ಹೆಗಲ ಮೇಲೆ ಕೈಹಾಕಿದ.

"ಆದದ್ದಾಯ್ತು ಬಿಡಣ್ಣಾ. ವರ್ಷ ಸಿಕ್ತಲ್ಲ, ಸಾಕು. ನಾಲ್ಕಕ್ಕೆ ಬಂದ್ಬಿಡು, ವಕೀಲರು ಬರ್ತಾರೆ. ನೀನಿಲ್ದಿದ್ರೆ ಅವರಿಗೆ ಆಗಲ್ಲ."

ಮನೆಗೆ ಬರುವ ದಾರಿಯುದ್ದಕ್ಕೂ ಹೆಂಡತಿ ಮಾತಾಡಲಿಲ್ಲ. ಒಳಗೆ ಬಂದು, ಗೋಡೆಯ ಕಡೆಯೂ ನೋಡದೆ, ಬಕೆಟ್ಟಿನ ಕಡೆಯೂ ನೋಡದೆ ಅವನ ಕಡೆಯೇ ತಿರುಗಿದಳು.

"ನೀವು ಸೇದ್ತಿದ್ರೇ ಚೆನ್ನಾಗಿತ್ತು ರೀ."

"ಏನು?"

"ಸೇದ್ತಿದ್ರೆ ಬಿಡಿಸಬಹುದಿತ್ತು. ಇಪ್ಪತ್ತಮೂರು ದಿವಸ ಅದೊಂದೇ ಧೈರ್ಯದ ಮೇಲಿದ್ದೆ. ಸುಳ್ಳುಗಾರನಾದ್ರೂ ಆಗ್ಲಿ, ಬಿಟ್ರೆ ಬದುಕ್ತಾರೆ ಅಂತ. ಈಗ ಏನನ್ನ ಬಿಡಿಸ್ಲಿ?" ಎಂದು ಕೂತು ಅತ್ತಳು.

ಅವನು ಗೆದ್ದಿದ್ದ. ಗೆದ್ದರೆ ಹೀಗಿರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಏನು ಮಾಡಲೂ ತೋಚದೆ ಗಡಿಯಾರ ನೋಡಿದ. ಮೂರೂವರೆ. ಕಾಲು ತನ್ನಷ್ಟಕ್ಕೆ ಬಾಗಿಲ ಕಡೆ ಹೊರಟಿತು.

"ಎಲ್ಲಿಗೆ?"

"ಇವತ್ತೊಂದು ದಿನ ಕಣೇ. ವಕೀಲರು ಬರ್ತಾರಂತೆ. ನಾಳೆಯಿಂದ ಬಿಡ್ತೀನಿ."

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೇ ಕೇಳಿಸಿತು. ಅವಳು ಅಳು ನಿಲ್ಲಿಸಿ ಅವನನ್ನೇ ನೋಡಿದಳು.

ಅವನು ಕೋಟು ಕಳಚಿ ಮೊಳೆಗೆ ಹಾಕಿದ. ಬೆಂಕಿಪೊಟ್ಟಣ ತೆಗೆದು ಒಲೆಯ ಪಕ್ಕದ ಗೂಡಿನಲ್ಲಿಟ್ಟು, ಬಂದು ಅವಳ ಎದುರಿಗೆ ಕೂತ. ನಾಲ್ಕು ಗಂಟೆಯಾಯಿತು. ನಾಲ್ಕೂಕಾಲಾಯಿತು. ಅವನು ಏಳಲಿಲ್ಲ, ಕೈ ಮಾತ್ರ ಹತ್ತು ನಿಮಿಷಕ್ಕೊಮ್ಮೆ ಖಾಲಿ ಜೇಬನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿತ್ತು.

"ಮೊದಲನೇ ವಾರ ಕಷ್ಟ ಆಗುತ್ತೆ," ಅಂದಳು ಹೆಂಡತಿ, ಸೆರಗಿನಿಂದ ಮೂಗು ಒರೆಸಿಕೊಂಡು. "ಆಮೇಲೆ ಅಭ್ಯಾಸ ಆಗುತ್ತಂತೆ."