ಅವ್ವ ಚೆಲ್ಲಿದ ನೀರು

ಮಧ್ಯಾಹ್ನ ಭಾನುಪ್ರಿಯಾ ಸಿದ್ಧಾರ್ಥನಗರದ ಮನೆಗೆ ಬಂದು ತಾರಸಿ ಹತ್ತಿದಾಗ ಟಬ್ಬುಗಳೆಲ್ಲ ಬೋರಲಾಗಿದ್ದವು. ಅಲಸಂದೆ ಕುಂಡಗಳು ಗೋಡೆಯ ಪಕ್ಕ ಸಾಲಾಗಿ ಕೂತಿದ್ದವು. ನೆಲ ಇನ್ನೂ ಒದ್ದೆಯಿತ್ತು.

ಅದು ಅವಳ ಪಿಎಚ್‌ಡಿ ಪ್ರಯೋಗ. ನೀರು ನಿಂತ ಮಣ್ಣಿನಲ್ಲಿ ಅಲಸಂದೆ ಬೇರು ಉಸಿರಾಡಲು ಒಳಗೊಳಗೇ ಹೇಗೆ ಬದಲಾಗುತ್ತದೆ, ಬಿಸಿ ಹೆಚ್ಚಿದರೆ ಆ ಬದಲಾವಣೆ ಬೇಗ ಆಗುತ್ತದೆಯೇ ಎಂದು ತಿಳಿಯಬೇಕಿತ್ತು. ಕುಂಡಗಳನ್ನು ನೀರು ತುಂಬಿದ ಟಬ್ಬುಗಳಲ್ಲಿಟ್ಟು, ಅರ್ಧದಷ್ಟಕ್ಕೆ ಒದ್ದೆ ಗೋಣಿ ಸುತ್ತಿ ತಂಪಾಗಿಟ್ಟಿದ್ದಳು. ಉಳಿದವು ಬಿಸಿಲಿಗೆ ಕಾಯುತ್ತಿದ್ದವು. ವಿಭಾಗದ ಹಸಿರುಮನೆ ರಿಪೇರಿಯಲ್ಲಿದ್ದ ಕಾರಣ ಎಲ್ಲವೂ ಮನೆಯಲ್ಲೇ ನಡೆದಿತ್ತು.

"ಅವ್ವಾ, ಇದೇನು?"

ಪುಟ್ಟಲಿಂಗಮ್ಮ ಸೆರಗಿಗೆ ಕೈ ಒರೆಸುತ್ತ ಮೇಲೆ ಬಂದರು. "ಡೆಂಗಿ ಸರ್ವೆಯೋರು ಬಂದಿದ್ರು ಕಣವ್ವ. ನೀರಲ್ಲಿ ಹುಳ ಅವೆ ಅಂದ್ರು. ಪಕ್ಕದ್ಮನೆ ಮಗು ಲಹರಿ ಡೆಂಗಿ ಬಂದು ಆಸ್ಪತ್ರೇಲಿ ಎಂಗೆ ಮಲಗಿತ್ತು, ನೀನೇ ನೋಡಿದ್ದೆಯಲ್ಲ. ಭಯ ಆಗೋಯ್ತು. ಎಲ್ಲಾ ಚೆಲ್ಬುಟ್ಟೆ."

ಭಾನು ಬೋರಲಾಗಿದ್ದ ಒಂದು ಟಬ್ಬನ್ನು ಎತ್ತಿ ನೋಡಿದಳು. ಮೆಟ್ಟಿಲ ಮೇಲೆ ಕೂತಳು.

"ಮತ್ತೆ ತುಂಬ್ಸಿಬುಡ್ಲಾ?"

"ಬೇಡ ಕಣವ್ವ. ಈಗ ತುಂಬಿಸಿದ್ರೆ ಲೆಕ್ಕಕ್ಕಿಲ್ಲ."

ತನ್ನ ಗೈಡ್ ಹೇಮಶ್ರೀ ಮೇಡಂಗೆ ಫೋನ್ ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡು, "ಅಳೋದು ಆಮೇಲೆ. ಬಿಸಿಲಿಂದು ಒಂದು, ತಂಪಿಂದು ಒಂದು ಕುಂಡ ಈಗಲೇ ಲ್ಯಾಬಿಗೆ ತಗೊಂಡ್ ಬಾ" ಎಂದರು.

ಪುಟ್ಟಲಿಂಗಮ್ಮ ತಾವೂ ಹೊರಟು ನಿಂತರು. ಸ್ಕೂಟರಿನ ಹಿಂದೆ ಕೂತು, ಎರಡೂ ಕುಂಡಗಳನ್ನು ಮಡಿಲಲ್ಲಿ ಅಪ್ಪಿಕೊಂಡರು.

ಲ್ಯಾಬಿನಲ್ಲಿ ಭಾನು ಬೇರಿನ ಮಣ್ಣು ತೊಳೆದಳು. ಬೆಚ್ಚಗಿನ ನೀರಿನಲ್ಲಿದ್ದ ಗಿಡದ ಬುಡ ಉಬ್ಬಿ, ಬೆಳ್ಳಗೆ ಸ್ಪಂಜಿನಂತಾಗಿತ್ತು. ನೀರಿನ ಮಟ್ಟದಲ್ಲೇ ಎಳೆಯ ಬೇರುಗಳು ಹೊಸದಾಗಿ ಹೊರಟಿದ್ದವು. ಬ್ಲೇಡಿನಿಂದ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟಳು. ಜೀವಕೋಶಗಳ ನಡುವೆ ದೊಡ್ಡ ದೊಡ್ಡ ಪೊಳ್ಳುಗಳು ತೆರೆದುಕೊಂಡಿದ್ದವು. ತಂಪಿನಲ್ಲಿದ್ದ ಬೇರಿನಲ್ಲಿ ಅವು ಈಗಷ್ಟೇ ಶುರುವಾಗಿದ್ದವು.

"ಮೇಡಂ, ಆಗಿದೆ! ಗಾಳಿಯ ದಾರಿ ಆಗಿಬಿಟ್ಟಿದೆ!"

ಹೇಮಶ್ರೀ ಬಗ್ಗಿ ನೋಡಿ ನಕ್ಕರು. "ನೀರು ಇಳಿದ ಮೇಲೆ ಬೇರು ಏನ್ಮಾಡುತ್ತೆ ಅಂತ ನೋಡೋಕೆ ಮುಂದಿನ ವಾರ ನೀನೇ ಚೆಲ್ಲಬೇಕಿತ್ತಲ್ಲ. ಸ್ವಲ್ಪ ಮುಂಚೆ ಆಯ್ತು ಅಷ್ಟೆ. ಇವತ್ತಿನ ತಾರೀಖು ಹಾಕ್ಕೊಂಡು ಮುಂದುವರಿಸು. ಮುಂದಿನ ಸಲ ಮಾತ್ರ ಟಬ್ಬಿಗೆ ಸೊಳ್ಳೆಬಲೆ ಕಟ್ಟು."

ಭಾನು ತಾರೀಖು ಬರೆದುಕೊಂಡಳು. ಬಾಗಿಲ ಬಳಿಯ ಸ್ಟೂಲಿನಲ್ಲಿ ಮುದುರಿ ಕೂತಿದ್ದ ಅವ್ವನ ಕೈಹಿಡಿದು ಎಬ್ಬಿಸಿ ತಂದಳು. "ಏನೂ ಆಗಿಲ್ಲ ಕಣವ್ವ. ನೋಡು ಬಾ."

ಪುಟ್ಟಲಿಂಗಮ್ಮ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. "ಅಯ್ಯೋ, ಜೇನುಗೂಡು ಇದ್ದಂಗದೆ" ಎಂದರು. ಆಮೇಲೆ ಅಲ್ಲೇ ಮೇಜಿಗೊರಗಿ ಗಟ್ಟಿಯಾಗಿ ನಕ್ಕುಬಿಟ್ಟರು. "ನಾನು ಮಧ್ಯಾಹ್ನದಿಂದ ಒಂದು ತುತ್ತೂ ತಿಂದಿಲ್ಲ ಕಣೇ. ಎಲ್ಲಾದ್ರೂ ಒಂದು ದೋಸೆ ಕೊಡ್ಸು ನಡಿ."