ಶೆಡ್ಡಿನ ಹಿಂದಿನ ತಗ್ಗು

“ಕಣ್ಣು ಕಾಣಲ್ವೇನೆ ನಿಂಗೆ? ಹೊಸ ಬಣ್ಣದ ಗೋಡೆಗೆ ಬಾಂಡ್ಲಿ ತಾಗಿಸ್ತಿದೀಯಲ್ಲ, ನಿಮ್ಮಪ್ಪ ಬಂದು ಬಳೀತಾನಾ?”

ಮನೆಯೊಡತಿ ಬಾಗಿಲಲ್ಲೇ ನಿಂತು ಬೈಯುತ್ತಿದ್ದಳು. ಗಾರೆಯಕ್ಕ ಗೋಡೆಯಿಂದ ಪಕ್ಕಕ್ಕೆ ಸರಿದಳು. ತಲೆಯ ಮೇಲೆ ಒಡೆದ ಟೈಲ್ಸು ತುಂಬಿದ ಬಾಂಡ್ಲಿಯಿತ್ತು. ಬಾಯಿ ತೆರೆದರೆ ಕುತ್ತಿಗೆ ಅಲುಗುತ್ತಿತ್ತು. ಹಳೇ ಬಚ್ಚಲು ಒಡೆದು ಹೊಸದು ಕಟ್ಟಿಸುತ್ತಿದ್ದ ಮನೆ ಅದು. ಒಡೆಯುವುದು ಅವಳ ಗಂಡನ ಕೆಲಸ, ಒಡೆದದ್ದನ್ನು ಗೇಟಿನವರೆಗೆ ಹೊರುವುದು ಅವಳದು. ಟ್ರ್ಯಾಕ್ಟರಿನ ಜೊತೆ ಹೋಗಿ ಕಸ ಸುರಿದು ಬರುತ್ತಿದ್ದವನೂ ಗಂಡನೇ. ಆವತ್ತು ಸುತ್ತಿಗೆ ಜಾರಿ ಅವನ ಹೆಬ್ಬೆರಳು ಜಜ್ಜಿಹೋಗಿತ್ತು. ಬಟ್ಟೆ ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದ.

ಕಂಟ್ರಾಕ್ಟರ್ ಬಂದವನು ಗಾಯ ನೋಡಲಿಲ್ಲ, ಗೇಟಿನ ಮುಂದಿನ ರಾಶಿ ನೋಡಿದ. ಗಂಡನ ಬದಲು ಹೆಂಡತಿ ಟ್ರೇಲರ್ ಹತ್ತಲಿ ಎಂದ. ಗಂಡ ತಟ್ಟನೆ ಎದ್ದು, ಕೈ ಸರಿಯಿದೆ, ತಾನೇ ಹೋಗುತ್ತೇನೆ ಎಂದು ಗೋಗರೆದ. ಇಷ್ಟಕ್ಕೆ ಇವನು ಯಾಕೆ ಹೀಗಾಡುತ್ತಾನೆ ಎಂದು ಗಾರೆಯಕ್ಕನಿಗೆ ಅಚ್ಚರಿಯಾಯಿತು. ರಕ್ತ ತೊಟ್ಟಿಕ್ಕುವುದನ್ನು ಕಂಡು ಅವಳೇ ಗದರಿಸಿ ಅವನನ್ನು ಕೂರಿಸಿದಳು.

ಕಟ್ಟಡದ ಕಸಕ್ಕೆಂದು ಇದ್ದ ಜಾಗ ಊರಾಚೆ, ಬಹಳ ದೂರ. ಟ್ರ್ಯಾಕ್ಟರ್ ಅತ್ತ ಹೋಗಲಿಲ್ಲ. ಕೂಲಿಯವರ ತಗಡಿನ ಶೆಡ್ಡುಗಳನ್ನು ದಾಟಿ, ಹಿಂದಿನ ತಗ್ಗಿನ ಅಂಚಿಗೆ ಬಂದು ನಿಂತಿತು.

ಆ ತಗ್ಗಿನಲ್ಲಿ ಅವಳ ಮಗಳಿದ್ದಳು.

ನಾಲ್ಕು ತಿಂಗಳ ಹಿಂದೆ ಆರು ವರ್ಷದ ಗುಬ್ಬಿ ಜ್ವರ ಬಂದು ತೀರಿಕೊಂಡಾಗ, ಸ್ಮಶಾನದ ಬಾಗಿಲಲ್ಲಿ ಕೂತವನು ವಿಳಾಸದ ಕಾಗದ ಕೇಳಿದ್ದ. ಇವತ್ತು ಈ ಕಟ್ಟಡ, ನಾಳೆ ಇನ್ನೊಂದು ಎಂದು ಬದುಕುವವರಿಗೆ ಎಲ್ಲಿಯ ವಿಳಾಸ? ಹೆಗಲ ಮೇಲಿನ ಮಗುವನ್ನು ಇಳಿಸದೆಯೇ ಗಂಡ ಹೆಂಡತಿ ವಾಪಸು ಬಂದು, ಶೆಡ್ಡಿನ ಉಳಿದವರು ತಮ್ಮವರನ್ನು ಮಣ್ಣು ಮಾಡಿದ್ದ ಈ ತಗ್ಗಿನಲ್ಲೇ ಅಗೆದು ಮಲಗಿಸಿದ್ದರು. ತಲೆಯ ಕಡೆ ಒಂದು ಕಲ್ಲು ನೆಟ್ಟಿದ್ದರು. ರಜೆಯ ದಿನ ಗಾರೆಯಕ್ಕ ಬಂದು ಕೂತು ಹೋಗುತ್ತಿದ್ದಳು. ಉಳಿದ ದಿನ ಬೆಳಕಿಗೆ ಮುಂಚೆ ಹೋಗಿ ಕತ್ತಲಾದ ಮೇಲೆ ಬರುವವಳಿಗೆ ಇತ್ತ ಕಾಲಿಡಲು ಪುರುಸೊತ್ತಿರಲಿಲ್ಲ.

ಈಗ ಅಲ್ಲಿ ಆ ಕಲ್ಲಿರಲಿಲ್ಲ. ಬರೀ ಕಲ್ಲೇ ಇತ್ತು. ಕಲ್ಲಿನ ನಡುವೆ ಬಿರುಕುಬಿಟ್ಟ ಕಮೋಡು, ತುಕ್ಕು ಹಿಡಿದ ಪೈಪು, ಕೂದಲು ಅಂಟಿದ ಬಚ್ಚಲ ಜಾಲರಿ. ನೀಲಿ ಹೂವಿನ ಟೈಲ್ಸಿನ ಚೂರುಗಳನ್ನು ಅವಳು ಗುರುತು ಹಿಡಿದಳು. ನಿನ್ನೆ ತಾನೇ ಹೊತ್ತದ್ದು.

ಡ್ರೈವರ್ ಟ್ರೇಲರ್ ಎತ್ತುವಷ್ಟರಲ್ಲಿ ಅವಳು ರಾಶಿಯ ಮೇಲೆ ಹೋಗಿ ಬಿದ್ದಿದ್ದಳು. ಅವನು ಹೆದರಿ ಎಂಜಿನ್ ನಿಲ್ಲಿಸಿದ. ಯಾರು ಇಲ್ಲಿ ಸುರಿಯಲು ಹೇಳಿದ್ದು ಎಂದು ಅವಳು ಕೇಳಿದ್ದಕ್ಕೆ, ಕಂಟ್ರಾಕ್ಟರ್ ಹೇಳಿದ್ದು, ನಿನ್ನ ಗಂಡ ಜೊತೆಗೇ ಇದ್ದನಲ್ಲ ಎಂದ. ಅಷ್ಟರಲ್ಲಿ ಗಂಡ ಏದುಸಿರು ಬಿಡುತ್ತ ಓಡಿಬಂದ.

“ಬೇರೆ ಕಡೆ ಸುರೀತೀನಿ ಅಂತ ಕಂಟ್ರಾಕ್ಟರನ ಕಾಲಿಗೆ ಬಿದ್ದೆ ಕಣೆ. ‘ಹೆಣ ಎದ್ದು ಬಂದು ಕೇಳ್ತದೇನೋ ಬೋಳಿಮಗನೆ? ಕೆಲ್ಸ ಬೇಕೋ ಬೇಡ್ವೋ?’ ಅಂದ.”

“ಅದಕ್ಕೆ ಸುರಿದ್ಯಾ?”

“ಸುರಿದೆ.”

ಹೊಡೆಯಲು ಎತ್ತಿದ ಅವಳ ಕೈ ಅರ್ಧಕ್ಕೇ ನಿಂತಿತು. ಅದನ್ನೆಲ್ಲ ಹೊತ್ತು ಕೊಟ್ಟವಳು ತಾನೇ ಅಲ್ಲವೇ?

ಅವಳು ಬಾಂಡ್ಲಿಗೆ ಕಸ ತುಂಬಿಕೊಂಡಳು. ಮೇಲೆ ಹತ್ತಿ ರಸ್ತೆಯ ನಡುವೆ ಸುರಿದಳು. ಇಳಿದು ಇನ್ನೊಂದು ತುಂಬಿದಳು. ಡ್ರೈವರ್ ತುಂಬಿದ ಟ್ರೇಲರನ್ನು ಹಾಗೇ ತಿರುಗಿಸಿಕೊಂಡು ಹೋದ. ಸಂಜೆ ಕೆಲಸ ಬಿಟ್ಟು ಬಂದ ಶೆಡ್ಡಿನ ಹೆಂಗಸರು ಏನು ಎತ್ತ ಎಂದು ಕೇಳಲಿಲ್ಲ. ಒಬ್ಬಳ ಮಾವ, ಇನ್ನೊಬ್ಬಳ ಬಾಣಂತಿ ತಂಗಿ ಅದೇ ರಾಶಿಯ ಅಡಿ ಇದ್ದರು. ತಂತಮ್ಮ ಬಾಂಡ್ಲಿ ತಂದರು.

ಬೆಳಗಾದರೂ ಯಾರೂ ಕೆಲಸಕ್ಕೆ ಹೋಗಲಿಲ್ಲ. ಗುಬ್ಬಿಯ ಜಾಗವೂ ಸಿಗಲಿಲ್ಲ. ಯಾವ ಕಲ್ಲು ಕೈಗೆ ಬಂದರೂ ಅದೇ ಅನ್ನಿಸುತ್ತಿತ್ತು, ಅದಲ್ಲ ಅನ್ನಿಸುತ್ತಿತ್ತು.

ಕೂಲಿಯವರು ಬರಲಿಲ್ಲವೆಂದು ಕಂಟ್ರಾಕ್ಟರ್ ಹುಡುಕಿಕೊಂಡು ಬಂದ. ರಸ್ತೆಗೆ ಅಡ್ಡ ಬಿದ್ದ ಗುಡ್ಡೆಯ ಮುಂದೆ ಕಾರು ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿದ.

“ರಸ್ತೆಗೆ ಕಸ ಸುರೀತೀರೇನ್ರೋ ಸೂಳೆಮಕ್ಳಾ? ತೆಗೀರಿ ಮೊದ್ಲು. ಪೊಲೀಸರನ್ನ ಕರೀಲಾ?”

“ಕರೀರಿ,” ಎಂದಳು ಗಾರೆಯಕ್ಕ. “ನನ್ ಮಗಳು ಸಿಕ್ಕಿಲ್ಲ. ಅವರೂ ಬಂದು ಹುಡುಕಲಿ.”

ಕಂಟ್ರಾಕ್ಟರ್ ಗಂಡನ ಕಡೆ ತಿರುಗಿ, ಹೆಂಡತಿಗೆ ಬುದ್ಧಿ ಹೇಳು ಎಂದ. ಗಂಡ ತುಂಬಿದ ಬಾಂಡ್ಲಿ ಎತ್ತಿಕೊಂಡು ತಗ್ಗು ಹತ್ತಿ ಬಂದ. ಅವನ ಮುಖವನ್ನೇ ನೋಡುತ್ತ ಕಾರಿನ ಬಾನೆಟ್ಟಿನ ಮೇಲೆ ಬೋರಲು ಹಾಕಿದ.

ಧೂಳೆದ್ದಿತು. ಮೇಲೆ ಕೂಗಾಟ ಶುರುವಾಯಿತು. ಗಾರೆಯಕ್ಕ ತಲೆಯೆತ್ತಲಿಲ್ಲ. ಮಂಡಿಯೂರಿ ಇನ್ನೊಂದು ಕಲ್ಲನ್ನು ಕಿತ್ತು, ಸೆರಗಿನಿಂದ ಒರೆಸಿ, ಬಹಳ ಹೊತ್ತು ನೋಡಿ, ಪಕ್ಕಕ್ಕಿಟ್ಟಳು.