ತೊಳೆದ ತಟ್ಟೆಗೆ ಸಾಕ್ಷಿಯಿಲ್ಲ

ಯಂತ್ರ ಬರುತ್ತದೆ ಎಂಬ ಮಾತು ಮನೆಯಲ್ಲಿ ಎದ್ದ ದಿನದಿಂದ ಅಕ್ಕನ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಪಾತ್ರೆ ತೊಳೆಯುವ ಯಂತ್ರ. ಮದುವೆ, ಸಭೆ, ಕಚೇರಿಯ ಕೂಟ ಎಂದು ಹೊರಗಿನವರಿಗೆ ಅಡುಗೆ ಮಾಡಿ ಬಡಿಸುವುದು ತಮ್ಮನ ವ್ಯಾಪಾರ. ಗಂಡ ಸತ್ತು ತಮ್ಮನ ಮನೆ ಸೇರಿದಂದಿನಿಂದ ಅಲ್ಲಿಯ ತಟ್ಟೆ ಲೋಟಗಳೆಲ್ಲ ಅಕ್ಕನ ಪಾಲು. ಮಾಡು ಎಂದು ಯಾರೂ ಹೇಳಿರಲಿಲ್ಲ, ತಾನೇ ನಡು ಕಟ್ಟಿ ನಿಂತಿದ್ದಳು. ಹಂಗಿನ ಅನ್ನ ಬೇಡ, ದುಡಿದ ಅನ್ನ ಸಾಕು ಎಂಬ ಹಟ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ಆ ಮಾತು ಹೇಳಿದ ಪುಣ್ಯಾತ್ಮ ಸೋಪಿನ ನೀರಿನಲ್ಲಿ ಕೈಯಿಟ್ಟವನಲ್ಲ. ಅಕ್ಕನ ಬೆರಳ ಸಂದುಗಳು ಬಿರಿದು, ಉಪ್ಪು ತಗುಲಿದರೆ ಜೀವ ಹೋದಂತಾಗುತ್ತಿತ್ತು.

ಆ ಕೈ ನೋಡಿಯೇ ತಮ್ಮ ಯಂತ್ರದ ಮಾತೆತ್ತಿದ್ದು. ಅವನೇನೂ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅಕ್ಕನಿಗೆ ಎಷ್ಟೋ ಸುಲಭವಿತ್ತು, ನಾಲ್ಕು ಮಾತು ಬೈದು ಹಗುರಾಗಬಹುದಿತ್ತು.

"ಇನ್ನು ಸಾಕು ಅಕ್ಕ. ಯಂತ್ರ ಬರ್ಲಿ, ನೀನು ಆರಾಮಾಗಿ ಮಗಳ ಮನೇಲಿ ಇದ್ದು ಬಾ," ಎಂದ.

"ಹೌದು ಅತ್ತಿಗೆ," ಎಂದು ಅವನ ಹೆಂಡತಿ ಸೇರಿಸಿದಳು. "ಹೇಗೂ ಯಂತ್ರ ಇಡೋಕೆ ನಿಮ್ಮ ಕೋಣೇನೇ ಬೇಕಾಗತ್ತೆ. ಅಲ್ಲೇ ನಲ್ಲಿ, ಅಲ್ಲೇ ಮೋರಿ."

ಇದ್ದು ಬಾ ಎಂದರೆ ಬರುವುದಕ್ಕೆ ಕೋಣೆ ಉಳಿದಿರಬೇಕಲ್ಲ! ಇನ್ನು ಮಗಳ ಮನೆ ಎನ್ನುವುದು ಹೆಸರಿಗೆ ಮಾತ್ರ, ಅದು ಅಳಿಯನ ಮನೆ. ಹಿಂದೊಮ್ಮೆ ಹೋಗಿದ್ದಾಗ ಅಳಿಯ ಅವಳ ಜತೆ ಮಾತಾಡದೆ, ಅವಳ ಎದುರಿಗೇ ಹೆಂಡತಿಯನ್ನು ಕೇಳುತ್ತಿದ್ದ: "ನಿಮ್ಮಮ್ಮನ ಊಟ ಇನ್ನೂ ಮುಗೀಲಿಲ್ವಾ?" ಅಮ್ಮನ ತಟ್ಟೆಗೆಂದು ಎತ್ತಿದ ಸೌಟನ್ನು ಮಗಳು ಮತ್ತೆ ಪಾತ್ರೆಗೇ ಇಳಿಸುತ್ತಿದ್ದಳು. ಆ ಮನೆಯಲ್ಲಿ ಇರುವುದೆಂದರೆ ದಿನಾ ಒಂದಿಷ್ಟು ಸಾಯುವುದೆಂದು ಅಕ್ಕನಿಗೆ ಗೊತ್ತಿತ್ತು.

ಆದ್ದರಿಂದ ಅವಳೊಂದು ಉಪಾಯ ಹೂಡಿದಳು.

"ಕೊಳ್ಳೋ ಮುಂಚೆ ನಮ್ಮ ತಟ್ಟೇನೇ ಹಾಕಿ ನೋಡ್ಬೇಕು ಕಣೋ. ಅಂಗಡಿಯವರು ತೋರ್ಸೋ ತಟ್ಟೆ ಒಂದು ತಟ್ಟೇನಾ? ತಿಂದು ಒಣಗಿ ಬಿದ್ದಿರೋದನ್ನ ತೊಳೀಲಿ, ಆಗ ಗೊತ್ತಾಗತ್ತೆ."

ತಮ್ಮನಿಗೆ ಮಾತು ಹಿಡಿಸಿತು. ಒಂದು ಕೂಟದ ತಟ್ಟೆ ಲೋಟಗಳನ್ನು ಅಕ್ಕ ಬೇಕೆಂದೇ ತೊಳೆಯದೆ ಬಿಟ್ಟಳು. ಜಿಡ್ಡು ಹೆಪ್ಪುಗಟ್ಟಿತು, ಅಗುಳು ಕಲ್ಲಾಯಿತು, ಲೋಟದ ತಳದಲ್ಲಿ ಹಾಲು ಚಕ್ಕೆಯಾಗಿ ಕೂತಿತು. ಮೇಲೊಂದು ಬಟ್ಟೆ ಮುಚ್ಚಿ, ಆ ಮೂಲೆಯತ್ತ ಕಣ್ಣು ಹಾಯಿಸದೆ ಓಡಾಡಿದಳು. ಅವು ಹಾಗೆ ಬಿದ್ದಿರುವಷ್ಟು ಹೊತ್ತೂ ಸ್ನಾನವಿಲ್ಲದೆ ಕೂತಂತೆ ಅವಳಿಗೆ ಮೈಯೆಲ್ಲ ಮುಜುಗರ.

ತಟ್ಟೆ ಲೋಟಗಳನ್ನು ಹಾಗೇ ವ್ಯಾನಿಗೆ ಹೇರಿಕೊಂಡು ಇಬ್ಬರೂ ಹೋದ ಅಂಗಡಿಯಲ್ಲಿ ನೆಲ, ಗೋಡೆ ಎಲ್ಲ ಬಿಳಿ. ಟೈ ಕಟ್ಟಿದ ಮಾರಾಟಗಾರ ಮೂರು ಯಂತ್ರ ತೋರಿಸಿದ. ಚಿಕ್ಕದರ ತಲೆ ತಟ್ಟಿ, "ಇದು ಬರೀ ಗ್ಲಾಸಿಗೆ ಸರ್. ತಟ್ಟೆ ಹಾಕಿದ್ರೆ ಮುನಿಸ್ಕೊಳತ್ತೆ," ಎಂದ. ದೊಡ್ಡದರಲ್ಲಿ ಈ ಕಡೆಯಿಂದ ಹಾಕಿದ್ದು ಆ ಕಡೆಯಿಂದ ತೊಳೆದು ಬರುತ್ತಿತ್ತು.

"ಇದು ಒಳಗೆ ಬರ್ಬೇಕಾದ್ರೆ ನಾವೆಲ್ಲ ಹೊರಗೆ ಹೋಗ್ಬೇಕು," ಎಂದು ತಮ್ಮ ನಕ್ಕು, ನಡುವಿನ ಯಂತ್ರದ ಮುಂದೆ ನಿಂತ. ಜಾಲರಿ ಬುಟ್ಟಿಯಲ್ಲಿ ಪಾತ್ರೆ ಜೋಡಿಸಿ ಒಳಗೆ ತಳ್ಳುವುದು, ಮೇಲಿನ ಮುಚ್ಚಳ ಎಳೆಯುವುದು, ಅಷ್ಟೇ.

"ಒಣಗಿದ್ದು ಹೋಗತ್ತಾ?"

"ಮೊದಲು ಸ್ವಲ್ಪ ನೀರು ಹೊಡೆದು ಹಾಕಿದ್ರೆ ಒಳ್ಳೇದು ಸರ್."

"ಇಲ್ಲ, ಹಾಗೇ ಹಾಕಿ. ಹೋದ್ರೆ ಇದೇ ಸರಿ. ಹೋಗ್ಲಿಲ್ಲ ಅಂದ್ರೆ ಯಂತ್ರದ ಸಹವಾಸವೇ ಬೇಡ, ನಮ್ಮಕ್ಕನೇ ಗಟ್ಟಿ."

ಅಕ್ಕನ ಎದೆಗೆ ತಂಪಾಯಿತು. ಗೆದ್ದೆ ಎಂದುಕೊಂಡಳು.

ಮಾರಾಟಗಾರ ಬಟ್ಟೆ ಸರಿಸಿ ಮೂಗು ಮುಚ್ಚಿಕೊಂಡ. "ಅಬ್ಬಾ! ನಿಮ್ಮಲ್ಲಿ ತೊಳೆಯೋರೇ ಇಲ್ವಾ ಸರ್?" ತಮ್ಮನೂ ಅವನ ಜತೆ ನಕ್ಕುಬಿಟ್ಟ. "ಅಮ್ಮಾ, ಇವನ್ನ ಬುಟ್ಟಿಗೆ ಜೋಡಿಸಿ ಒಳಗಿಟ್ಟಿರಿ, ನೀರು ಕಾಯ್ಲಿ," ಎಂದು ಹೇಳಿ ಅವನು ತಮ್ಮನನ್ನು ಕರೆಂಟು, ಕೊಳವೆಯ ವಿಚಾರ ಮಾತಾಡಲು ಒಳಕೋಣೆಗೆ ಕರೆದೊಯ್ದ.

ಯಂತ್ರದ ಪಕ್ಕದಲ್ಲೇ ಸಿಂಕು ಇತ್ತು. ಅಷ್ಟರಲ್ಲಿ ಯಾರೋ ಗಂಡಹೆಂಡತಿ ಬಂದವರು ತಟ್ಟೆಗಳ ಕಡೆ ನೋಡಿ, ಅಕ್ಕನ ಮುಖ ನೋಡಿ, ಆಚೆ ಸರಿದು ಹೋದರು. ತೊಳೆಯೋರೇ ಇಲ್ವಾ! ಅವಳ ಕಿವಿ ಬಿಸಿಯಾಯಿತು. ಎಲ್ಲಕ್ಕಿಂತ ಗಲೀಜಾದ ಒಂದೇ ಒಂದು ತಟ್ಟೆ, ಮಾನ ಮುಚ್ಚುವಷ್ಟು, ಎಂದು ನೀರಿಗೆ ಹಿಡಿದಳು. ಅದು ಥಳಥಳ ಹೊಳೆದ ಮೇಲೆ ಪಕ್ಕದ್ದು ಇನ್ನೂ ಅಸಹ್ಯವಾಗಿ ಕಂಡಿತು. ಹುಟ್ಟುಗುಣ ಸುಟ್ಟರೂ ಹೋಗದು. ಉಜ್ಜಲು ನಾರಿಲ್ಲದೆ ಉಗುರಿನಲ್ಲೇ ಕೆರೆದಳು, ಬೆರಳು ಸುತ್ತಿ ಲೋಟದ ತಳ ತಿಕ್ಕಿದಳು. ತಾನು ಎಲ್ಲಿದ್ದೇನೆ, ಏಕೆ ಬಂದೆ ಎಂಬುದೇ ಮರೆತುಹೋಯಿತು. ಎಚ್ಚರವಾಗುವಾಗ ಬುಟ್ಟಿ ತುಂಬಿ ಯಂತ್ರದೊಳಗೆ ಕೂತಿತ್ತು. ಒಂದು ಅಗುಳೂ ಉಳಿದಿರಲಿಲ್ಲ. ಅಯ್ಯೋ, ಏನು ಮಾಡಿಕೊಂಡೆ!

ಮಾರಾಟಗಾರ ತಮ್ಮನ ಮುಖ ನೋಡುತ್ತ, ಮಾತಾಡುತ್ತಲೇ ಬಂದ. ಬುಟ್ಟಿಯ ಕಡೆ ತಿರುಗಿಯೂ ನೋಡದೆ ಮುಚ್ಚಳ ಎಳೆದ. ಅಕ್ಕ ಬಾಯಿ ತೆರೆದಳು, ನೀರಿನ ಭೋರಾಟದಲ್ಲಿ ಅವಳ ಮಾತು ಅವಳಿಗೇ ಕೇಳಿಸಲಿಲ್ಲ.

ಮುಚ್ಚಳ ಏರಿದಾಗ ಹಬೆಯೆದ್ದಿತು. ತಮ್ಮ ಲೋಟವೊಂದನ್ನು ಬೆಳಕಿಗೆ ಹಿಡಿದ. "ಅಕ್ಕಾ, ನೋಡೇ!"

"ಇಷ್ಟು ಚೆನ್ನಾಗಿ ಬರತ್ತೆ ಅಂತ ನನಗೇ ಗೊತ್ತಿರ್ಲಿಲ್ಲ ಸರ್," ಎಂದ ಮಾರಾಟಗಾರ. ಅವನ ಜನ್ಮದಲ್ಲೇ ಅಷ್ಟು ನಿಜವಾದ ಮಾತು ಆಡಿರಲಿಕ್ಕಿಲ್ಲ.

ಅಕ್ಕ ತಮ್ಮನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಅದು ಯಂತ್ರ ಅಲ್ವೋ. ನಾನು ಉಜ್ಜಿದ್ದೆ. ಒಳಗಿಡೋ ಮುಂಚೆ ಎಲ್ಲಾನೂ ನಾನೇ ಉಜ್ಜಿದ್ದೆ ಕಣೋ."

ತಮ್ಮನ ನಗು ಆರಿತು. "ಅಕ್ಕ, ನಿಂಗೆ ಯಂತ್ರ ಇಷ್ಟ ಇಲ್ಲ ಅಂತ ಗೊತ್ತು. ಅದಕ್ಕೆ ಸುಳ್ಳು ಹೇಳ್ಬೇಕಾ? ಪರೀಕ್ಷೆ ಮಾಡು ಅಂದೋಳು ನೀನೇ. ಒಣಗಿಸಿ ತಂದೋಳೂ ನೀನೇ. ಈಗ ತೊಳೆದೋಳೂ ನೀನೇನಾ?"

"ನನ್ನ ಕೈ ನೋಡೋ!" ಎಂದು ಎರಡೂ ಅಂಗೈ ಅವನ ಮುಂದೆ ಹಿಡಿದಳು. ಒದ್ದೆ ಆರಿರಲಿಲ್ಲ. ಬಿರುಕುಗಳು ಒಡೆದು ರಕ್ತ ಜಿನುಗುತ್ತಿತ್ತು.

ತಮ್ಮ ನೋಡಿದ. ಅವನ ಕಣ್ಣಲ್ಲಿ ನೀರು ಬಂತು. "ಈ ಕೈಗೋಸ್ಕರನೇ ಅಲ್ವಾ ಅಕ್ಕ ನಾನಿದನ್ನ ಕೊಳ್ತಿರೋದು," ಎಂದು ಅವುಗಳನ್ನು ಮೆಲ್ಲಗೆ ಮಡಚಿ ಕೆಳಗಿಳಿಸಿದ.

ಯಂತ್ರ ಅವರದಾಯಿತು.

ಮನೆಗೆ ಹೊರಟಾಗ ವ್ಯಾನಿನಿಂದಲೇ ತಮ್ಮ ಅಳಿಯನಿಗೆ ಫೋನು ಹಚ್ಚಿದ. ಅಕ್ಕನೂ ಕೇಳಲಿ ಎಂದು ದನಿ ಜೋರಾಗಿಟ್ಟ. "ಅಳಿಯಂದ್ರೇ, ಈ ಭಾನುವಾರ ಅಕ್ಕನ್ನ ಕರ್ಕೊಂಡು ಬರ್ತಿದೀನಿ."

ಅಳಿಯ ಕೇಳಿದ್ದು ಒಂದೇ ಮಾತು: "ಎಷ್ಟು ದಿನಕ್ಕೆ ಮಾವ?"

ತಮ್ಮ ದಾರಿ ನೋಡುತ್ತ ಗಾಡಿ ಓಡಿಸಿದ.

"ನಾಲ್ಕು ದಿನಕ್ಕೆ ಅನ್ನು," ಎಂದಳು ಅಕ್ಕ.

"ಆಮೇಲೆ?" ಎಂದು ತಮ್ಮ ಪಿಸುದನಿಯಲ್ಲಿ ಕೇಳಿದ, ಅಕ್ಕನ ಕೋಣೆಯ ವಿಚಾರ ಆಗ ತಾನೇ ಹೊಳೆದವನ ಹಾಗೆ.

"ನನ್ನನ್ನ ಕೇಳ್ತೀಯಲ್ಲೋ," ಎಂದಳು ಅವಳು.